ಮಗ್ಗಿ ಹೇಳುತ್ತಾ ಓಡಿದವರು

ಸೆಪ್ಟೆಂಬರ್ 3, ಭಾನುವಾರ

ಸೋಮಾರಿತನಕ್ಕೆ ತಕ್ಕ ಶಾಸ್ತಿಯಾಯಿತು. ಡಿಸೆಂಬರಿನ ಹಾಫ್ ಮ್ಯಾರಥಾನಿಗೆ, ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ, ಹೆಸರು ಕೊಡುವುದನ್ನು ಇವತ್ತು ನಾಳೆ ಅಂತ ತಳ್ಳಿಕೊಂಡು ಬಂದು, ನಿನ್ನೆ ಕೂತು ನೋಡಿದರೆ ಜಾಗವೆಲ್ಲ ಭರ್ತಿ. ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ ಹೊಸ ಮಷೀನು ಕೊಳ್ಳಲು ನಡೆಸುವ ಓಟ ಅಂತ ಊರಿಗೆ ಊರೇ ಮುಗಿಬಿದ್ದಿದೆ. ಜನರಿಗೆ ಇಷ್ಟೊಂದು ಧರ್ಮಬುದ್ಧಿ ಯಾವಾಗ ಬಂತೋ.

ಓಟದ ಕ್ಲಬ್ಬಿನ ಸೆಕ್ರೆಟರಿ ಹತ್ತಿರ ಹೋಗಿ ಹಲ್ಲು ಗಿಂಜಿದೆ. ಕ್ಲಬ್ಬಿನ ಪಾಲಿಗೆ ಕೆಲವು ಜಾಗ ಇವೆ, ಆದರೆ ಅವು ಹೊಸಬರಿಗೆ ಮತ್ತು ಹೊಸಬರನ್ನು ತಯಾರು ಮಾಡುವವರಿಗೆ ಮಾತ್ರ ಅಂದ. ಮೂವರನ್ನು ನನ್ನ ಕೊರಳಿಗೆ ಕಟ್ಟುತ್ತಾನಂತೆ. ಮೂವರೂ ಓಟ ಮುಗಿಸುವ ಜವಾಬ್ದಾರಿ ನನ್ನದು. ಬೇರೆ ದಾರಿ ಏನಿತ್ತು, ಒಪ್ಪಿದೆ.

ನನಗೆ ಬೇಕಾಗಿರುವುದು ಒಂದೇ. ಎರಡು ಗಂಟೆಯೊಳಗೆ ಮುಗಿಸಬೇಕು. ಹೋದ ವರ್ಷ ಒಂದೇ ನಿಮಿಷದಲ್ಲಿ ತಪ್ಪಿತು. ನನ್ನ ವಾರಗಿತ್ತಿ, ನನಗಿಂತ ಎಂಟು ವರ್ಷ ಚಿಕ್ಕವಳು, ಎರಡು ಗಂಟೆಯೊಳಗೆ ಮುಗಿಸಿದ್ದಲ್ಲದೆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ಅವರ ಹಾಲಿನಲ್ಲಿ ನಾನು ಕೂರುವ ಸೋಫಾದ ಎದುರಿಗೇ ನೇತುಹಾಕಿದ್ದಾಳೆ. ಹೋದಾಗಲೆಲ್ಲ ಕಾಫಿಯ ಜೊತೆ ಅದನ್ನೂ ನುಂಗಬೇಕು. ಬರುವ ವರ್ಷ ನನಗೆ ಐವತ್ತು ತುಂಬುತ್ತದೆ. ಈ ಸಲ ಆಗದಿದ್ದರೆ ಇನ್ನು ಆದ ಹಾಗೆಯೇ.

ಮನೆಯಲ್ಲಿ ನಮ್ಮ ಇವರಿಗೆ ಹೇಳಿದೆ. "ಮೂರು ಜನಾನಾ? ಪಾಪ" ಅಂದರು. ಪಾಪ ಯಾರು ಅಂತ ಕೇಳಿದ್ದಕ್ಕೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಸೆಪ್ಟೆಂಬರ್ 10, ಭಾನುವಾರ

ಮೂರೂ ರತ್ನಗಳ ದರ್ಶನವಾಯಿತು.

ಒಬ್ಬ ಬೇಕರಿಯವನು. ಬೆಳಗಿನ ಬ್ರೆಡ್ಡು ಒಲೆಯಿಂದ ತೆಗೆದು ನೇರ ಪಾರ್ಕಿಗೆ ಬರುತ್ತಾನೆ, ಹುಬ್ಬಿನ ಮೇಲೆ ಇನ್ನೂ ಮೈದಾ. ಎರಡನೆಯವನು ವಕೀಲ. ಕೈಕಾಲು ಸ್ವಲ್ಪ ಸಡಿಲ ಮಾಡಿಕೊಳ್ಳಿ ಅಂದರೆ ಯಾಕೆ ಮಾಡಬೇಕು, ಮಾಡದಿದ್ದರೆ ಏನಾಗುತ್ತೆ, ಆಗುತ್ತೆ ಅನ್ನೋದಕ್ಕೆ ಪುರಾವೆ ಏನು ಅಂತ ಕೇಳುತ್ತಾನೆ. ಮೂರನೆಯವರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಟೀಚರ್, ರಿಟೈರ್ ಆಗಿದ್ದಾರೆ, ಅರವತ್ತು ದಾಟಿದೆ. ಚಪ್ಪಲಿ ಹಾಕಿಕೊಂಡು ಬಂದಿದ್ದರು. ಶೂ ಎಲ್ಲಿ ಟೀಚರ್ ಅಂದೆ. ಮೊದಲು ಓಡಕ್ಕೆ ಬರುತ್ತಾ ನೋಡೋಣ, ಆಮೇಲೆ ಶೂ ಅಂದರು. ಸರ್ವಿಸಿನಲ್ಲಿ ಇವರ ಕೈಕೆಳಗೆ ಕಲಿತ ಮಕ್ಕಳ ಬಗ್ಗೆ ನನಗೆ ಅಯ್ಯೋ ಅನ್ನಿಸಿತು.

ಹೊಸಬರಿಗೆ ಮೊದಲ ಪಾಠ ಅಂದರೆ, ಮಾತಾಡಿಕೊಂಡು ಓಡಲು ಆಗುವಷ್ಟು ವೇಗದಲ್ಲೇ ಓಡಬೇಕು. ಮಾತು ನಿಂತು ಏದುಸಿರು ಬಂತೋ, ವೇಗ ಹೆಚ್ಚಾಯಿತು ಅಂತ ಅರ್ಥ. ಇದನ್ನು ಹೇಳಿ ಹೊರಟರೆ ಮೂವರೂ ಮೂಗರು. ಪರಿಚಯವೇ ಇಲ್ಲದವರು ಏನು ಮಾತಾಡಿಯಾರು? ಟೀಚರೇ ಉಪಾಯ ಹುಡುಕಿದರು: ಮಗ್ಗಿ. ಒಬ್ಬರು ಒಂದು ಸಾಲು, ಮುಂದಿನವರು ಮುಂದಿನ ಸಾಲು. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು ಅಂತ ಬೆಳ್ಳಂಬೆಳಗ್ಗೆ ಪಾರ್ಕಿನ ತುಂಬ ರಾಗ. ನಾಯಿ ಹಿಡಿದುಕೊಂಡು ಬಂದವರು ನಾಯಿ ಸಮೇತ ನಿಂತು ನೋಡಿದರು. ಹದಿಮೂರೇಳ್ಲೆ ಬಂದಾಗ ವಕೀಲ ಬಾಯಿ ಬಿಟ್ಟು ನಿಂತ. ಮುಂದಿನ ಭಾನುವಾರ ಹೇಳುತ್ತೇನೆ ಅಂತ ವಾಯಿದೆ ಕೇಳಿದ.

ನನ್ನ ಮರ್ಯಾದೆ ಮೂರು ಕಾಸಿಗೆ ಹೋಯಿತು. ಗುರುತಿನವರು ಯಾರೂ ಇರಲಿಲ್ಲ, ಅದೊಂದು ಪುಣ್ಯ.

ಸೆಪ್ಟೆಂಬರ್ 14, ಗುರುವಾರ

ನನ್ನ ಕನ್ನಡಕದ ಅಂಗಡಿಯಲ್ಲೇ ಅವಮಾನ. ಲೆನ್ಸಿನ ಪೊಟ್ಟಣದ ಮೇಲಿನ ನಂಬರು ಓದಲು ಕೈ ಚಾಚಿ ಹಿಡಿದೆ, ಇನ್ನಷ್ಟು ಚಾಚಿದೆ. ಕೊನೆಗೆ ಕನ್ನಡಕ ಮಾಡಿಸಲು ಬಂದ ಗಿರಾಕಿಯೇ ನನ್ನ ಕೈಯಿಂದ ಇಸಕೊಂಡು ಓದಿ ಹೇಳಿದಳು. ನನಗೇನೂ ಚಾಳೀಸು ಬಂದಿಲ್ಲ, ಆ ಮೂಲೆಯಲ್ಲಿ ಬೆಳಕು ಸರಿಯಿಲ್ಲ. ಇಡೀ ಊರಿಗೆ ಕನ್ನಡಕ ಹಾಕುವವಳು, ದೀಪದ ಬುಡದಲ್ಲೇ ಕತ್ತಲೆ ಅಂದರು ಇವರು. ಸಾರಿಗೆ ಉಪ್ಪು ಹಾಕದೆ ಬಡಿಸಿದೆ.

ಅಕ್ಟೋಬರ್ 1, ಭಾನುವಾರ

ಗುಂಪಿನಲ್ಲಿ ಯಾರು ಎಲ್ಲರಿಗಿಂತ ನಿಧಾನವೋ ಅವರ ವೇಗವೇ ಎಲ್ಲರ ವೇಗ, ಇದು ಕ್ಲಬ್ಬಿನ ನಿಯಮ. ನಿಯಮ ಮಾಡಿದ ಪುಣ್ಯಾತ್ಮ ನಮ್ಮ ಟೀಚರ ಜೊತೆ ಓಡಿರಲಿಲ್ಲ. ಅವರು ಓಡುವುದು ನೋಡಿದರೆ ಪರೀಕ್ಷೆ ಹಾಲಿನಲ್ಲಿ ಕಾಪಿ ಹಿಡಿಯಲು ಬೆಂಚಿನ ನಡುವೆ ತಿರುಗಾಡಿದ ಹಾಗಿರುತ್ತದೆ. ಇವತ್ತು ಅಜ್ಜ ಒಬ್ಬರು ಊರುಗೋಲು ಹಿಡಿದು ನಮ್ಮನ್ನು ದಾಟಿ ಹೋದರು. ನಾನು ನೋಡದ ಹಾಗೆ ತಲೆ ತಗ್ಗಿಸಿದೆ. ಬೇಕರಿಯವನು ಮಾತ್ರ ನಮಸ್ಕಾರ ಹೇಳಿದ.

ಮೂವರನ್ನೂ ಕಳಿಸಿ, ನನ್ನ ಓಟ ನಾನು ಬೇರೆ ಓಡಿದೆ. ಬಿಸಿಲೇರಿತ್ತು, ಕಾಲು ಕಬ್ಬಿಣವಾಗಿತ್ತು. ಹೀಗಾದರೆ ಎರಡು ಗಂಟೆಯ ಕನಸು ಕನಸಾಗಿಯೇ ಉಳಿಯುತ್ತೆ. ಯಾಕಾದರೂ ಬರುತ್ತಾರೋ ಇವರು ಅಂತ ಬೈದುಕೊಂಡೇ ಮನೆಗೆ ಬಂದೆ.

ಯಾಕೆ ಬರುತ್ತಾರೆ ಅಂತ ಆಮೇಲೆ ಬೇಕರಿಯವನು ಹೇಳಿದ, ಬನ್ನು ಕೊಡಲು ಅಂಗಡಿಗೆ ಬಂದಿದ್ದ. ಟೀಚರ ಯಜಮಾನರಿಗೆ ವಾರಕ್ಕೆ ಮೂರು ಸಲ ಅದೇ ವಾರ್ಡಿನಲ್ಲಿ ಡಯಾಲಿಸಿಸ್ ನಡೆಯುತ್ತಂತೆ. ಇವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮುಗಿಯುವ ತನಕ ಮಷೀನನ್ನೇ ದಿಟ್ಟಿಸುತ್ತಾರಂತೆ. ಮಷೀನು ನೋಡ್ತಾ ಕೂರಬೇಡ, ಏನಾದರೂ ಮಾಡು ಹೋಗು ಅಂತ ಯಜಮಾನರೇ ಅಟ್ಟಿದ್ದಂತೆ. ಮೊದಲೇ ಹೇಳಬಾರದಿತ್ತೇ. ಹೇಳಿದ್ದರೂ ನಾನೇನು ಮಾಡುತ್ತಿದ್ದೆ, ಗೊತ್ತಿಲ್ಲ.

ಬನ್ನು ಚೆನ್ನಾಗಿತ್ತು.

ಅಕ್ಟೋಬರ್ 18, ಬುಧವಾರ

ಅಂಗಡಿಗೆ ಅರ್ಧ ದಿನ ರಜಾ ಹಾಕಿ ಟೀಚರಿಗೆ ಶೂ ಕೊಡಿಸಿದೆ. ಇಲ್ಲದಿದ್ದರೆ ಚಪ್ಪಲಿಯಲ್ಲೇ ಕಾಲು ಉಳುಕಿಸಿಕೊಂಡು ನನ್ನ ಜಾಗಕ್ಕೆ ಕುತ್ತು ತರುತ್ತಾರೆ, ಅದಕ್ಕೆ. ಶೂ ಅಂಗಡಿಯ ಹುಡುಗಿ ನೀಲಿ, ಗುಲಾಬಿ, ಹಳದಿ ಎಲ್ಲ ತಂದು ರಾಶಿ ಹಾಕಿದಳು. ಟೀಚರ್ ಕಪ್ಪು ಕೇಳಿದರು. ಕಪ್ಪು ಇಲ್ಲ ಅಂದಾಗ, ಹಾಗಾದರೆ ಜೋರಾದ ಕೆಂಪು ಕೊಡು, ಹಾಳಾಗಿ ಹೋಗಲಿ ಅಂದರು. ರಸ್ತೆಯುದ್ದಕ್ಕೂ ಕಾಲು ನೋಡಿಕೊಂಡೇ ನಡೆದರು.

ಸೋಜಿಗ ಅಂದರೆ, ನಿನ್ನೆ ನಾನೊಬ್ಬಳೇ ಓಡಿದಾಗ ಹೋದ ವರ್ಷಕ್ಕಿಂತ ಚುರುಕಾಗಿದ್ದೆ. ಹೊಸ ಸಾಕ್ಸಿನ ಮಹಿಮೆ ಇರಬೇಕು.

ನವೆಂಬರ್ 5, ಭಾನುವಾರ

ಟೀಚರ್ ಎರಡು ವಾರದಿಂದ ನಾಪತ್ತೆ. ಇವತ್ತು ಗುಂಪು ಎಷ್ಟು ಸರಾಗವಾಗಿ ಓಡಬೇಕಿತ್ತು! ಆದರೆ ವಕೀಲ ಹದಿನೇಳರ ಮಗ್ಗಿ ತಾನೇ ಶುರು ಮಾಡಿ, ತಾನೇ ತಪ್ಪಿ, ತಿದ್ದುವವರಿಲ್ಲದೆ ಸುಮ್ಮನಾದ. ನನಗೂ ಬೈಯಲು ಮನಸ್ಸು ಬರಲಿಲ್ಲ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಸುಮ್ಮನೆ ಹೋದೆ ಅಂದರೆ ಚೆನ್ನಾಗಿರಲ್ಲ ಅಂತ ಸ್ಕ್ರೂ ಡ್ರೈವರಿನ ಡಬ್ಬಿ ಜೊತೆಗಿಟ್ಟುಕೊಂಡಿದ್ದೆ. ಯಜಮಾನರಿಗೆ ನಡುವೆ ಜ್ವರ ಬಂದು ತುಂಬ ನಿತ್ರಾಣವಾಗಿತ್ತಂತೆ, ಈಗ ಪರವಾಗಿಲ್ಲ. ಸಣ್ಣ ಆಳು, ಮಂಚದಲ್ಲಿ ಒರಗಿಕೊಂಡು ಸೊಟ್ಟ ಕನ್ನಡಕದಲ್ಲಿ ಪೇಪರು ಓದುತ್ತಿದ್ದರು. ನೆವ ಸಿಕ್ಕಿತು. ಕನ್ನಡಕ ಇಸಕೊಂಡು ಕಾಲು ಬಿಗಿ ಮಾಡಿ, ಮೂಗಿನ ಮೇಲೆ ಕೂರಿಸಿ ನೋಡಿದೆ. ಟೀಚರ್ ಕುರ್ಚಿಯಲ್ಲಿ ಮಷೀನಿನ ಕಡೆಗೇ ಮುಖ ಮಾಡಿ ಕೂತಿದ್ದರು. ಕಾಲಿನಲ್ಲಿ ಕೆಂಪು ಶೂ.

ಇನ್ನು ಬರಲ್ಲಮ್ಮ, ನನ್ನ ಹೆಸರು ಹೊಡೆದುಹಾಕು ಅಂದರು. ನಾನು ಬಾಯಿ ತೆರೆಯುವುದರೊಳಗೆ ಯಜಮಾನರೇ ಮಾತಾಡಿದರು.

"ದಯವಿಟ್ಟು ಕರ್ಕೊಂಡು ಹೋಗಿ ತಾಯಿ. ಇಲ್ಲೇ ಇದ್ರೆ ಈ ಮಷೀನಿಗೂ ಮಗ್ಗಿ ಕಲಿಸ್ತಾಳೆ. ಓಟದ ದಿನ ನಾನೇ ಬಂದು ಗೆರೆ ಹತ್ರ ಕೂತಿರ್ತೀನಿ. ಇವಳು ಬರೋದು ಎಷ್ಟು ಹೊತ್ತಾದ್ರೂ ಸರಿ."

ಟೀಚರ್ ಕಿಟಕಿಯ ಕಡೆ ತಿರುಗಿದರು. ನಾನು ಡಬ್ಬಿ ಮುಚ್ಚಿ, ಬುಧವಾರ ಐದೂವರೆಗೆ ಪಾರ್ಕಿನ ಗೇಟು ಅಂದು ಹೊರಟುಬಂದೆ. ಜಾಗ ಖಾಲಿಯಾದರೆ ಸೆಕ್ರೆಟರಿ ನನ್ನನ್ನೂ ತೆಗೆದುಹಾಕುತ್ತಾನಲ್ಲ, ಅದಕ್ಕೆ.

ನವೆಂಬರ್ 21, ಮಂಗಳವಾರ

ಟೀಚರ್ ವಾಪಸು. ಹತ್ತೊಂಬತ್ತರ ಮಗ್ಗಿ. ನನಗೇ ಬರಲಿಲ್ಲ. ವಕೀಲ ಕುಣಿದಾಡಿದ, ಕೋತಿ.

ಡಿಸೆಂಬರ್ 9, ಶನಿವಾರ

ನಾಲ್ವರ ನಂಬರೂ ತಂದಿಟ್ಟಿದ್ದೇನೆ. ಎದೆಗೆ ಪಿನ್ನು ಹಾಕಿಕೊಳ್ಳುವ ಈ ಕಾಗದದ ಹಿಂದೆ ಅಂಟಿಸಿರುವ ಚಿಪ್ಪೇ ನಾವು ಹೊರಟ ಹೊತ್ತನ್ನೂ ಮುಟ್ಟಿದ ಹೊತ್ತನ್ನೂ ಹಿಡಿಯುವುದು. ಇವರ ಕೈಗೆ ಕೊಟ್ಟರೆ ಒಬ್ಬ ಮರೆತು ಬರುತ್ತಾನೆ, ಇನ್ನೊಬ್ಬ ಬೆನ್ನಿಗೆ ಹಾಕಿಕೊಂಡು ವಾದಕ್ಕೆ ನಿಲ್ಲುತ್ತಾನೆ. ಬೆಳಗ್ಗೆ ನಾನೇ ಎಲ್ಲರಿಗೂ ಹಾಕುತ್ತೇನೆ.

ಸಂಜೆ ಮೂವರೂ ಅಂಗಡಿಗೆ ಬಂದಿದ್ದರು. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಟೀಚರ್, ಸ್ಟೂಲಿನ ಮೇಲೆ ವಕೀಲ, ಬೇಕರಿಯವನು ಬಾಗಿಲಿಗೆ ಅಡ್ಡ. ನಾಳೆ ನಾನು ಟೀಚರ ಜೊತೆಗೇ ಓಡುತ್ತೇನೆ ಅಂದೆ. ನಾನು ಹಾಗೆ ಹೇಳುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಮೂವರೂ ಮುಗಿಬಿದ್ದರು. ಗುರುವೇ ಎರಡು ಗಂಟೆಯೊಳಗೆ ಮುಗಿಸದಿದ್ದರೆ ಶಿಷ್ಯರ ಗತಿ ಏನು ಅಂತ ವಕೀಲನ ವಾದ. ಟೀಚರ್ ಒಂದೇ ಮಾತಿನಲ್ಲಿ ಮುಗಿಸಿದರು: ಪಕ್ಕದಲ್ಲಿ ಯಾರಾದರೂ ಇದ್ದರೆ ನನಗೆ ಮಗ್ಗಿ ತಪ್ಪುತ್ತೆ.

ಸರಿ, ನನ್ನ ಪಾಡಿಗೆ ನಾನು ಓಡುತ್ತೇನೆ. ಮಲಗಬೇಕು.

ಡಿಸೆಂಬರ್ 10, ಭಾನುವಾರ

ಮೈಯೆಲ್ಲ ನೋವು. ಬರೆಯದೆ ಮಲಗಿದರೆ ನಿದ್ದೆ ಬರಲ್ಲ.

ಇನ್ನೂ ಮಬ್ಬುಗತ್ತಲೆ, ಚಳಿ, ನನ್ನ ಬೆರಳು ಸೆಟೆದು ಹೋಗಿದ್ದವು. ಹೇಗೋ ನಾಲ್ವರಿಗೂ ಪಿನ್ನು ಹಾಕಿದೆ, ವಕೀಲನಿಗೆ ಎರಡು ಸಲ ಚುಚ್ಚಿದೆ. ಎಲ್ಲರಿಗಿಂತ ಹಿಂದೆ ನಿಂತು ಹೊರಟೆವು. ಆಮೇಲೆ ನಾನು ನನ್ನ ದಾರಿ ಹಿಡಿದೆ. ಕಾಲು ಎಲ್ಲಿತ್ತೋ ಗೊತ್ತಿಲ್ಲ, ಗಾಳಿಯೇ ಎತ್ತಿಕೊಂಡು ಹೋದ ಹಾಗಿತ್ತು. ಸೇತುವೆಯ ಏರಿನಲ್ಲಿ ಉಸಿರು ಸಿಕ್ಕಿಕೊಂಡಿತು. ತನ್ನಷ್ಟಕ್ಕೆ ಬಾಯಿ ಹದಿಮೂರರ ಮಗ್ಗಿ ಹೇಳತೊಡಗಿತು. ಪಕ್ಕದಲ್ಲಿ ಓಡುತ್ತಿದ್ದವನು ಸ್ವಲ್ಪ ದೂರ ಸರಿದ.

ಮುಗಿಸಿದೆ. ಗೆರೆಯ ಮೇಲೆ ಗಾಳಿ ತುಂಬಿಸಿ ನಿಲ್ಲಿಸಿದ್ದ ಕಮಾನಿನ ಗಡಿಯಾರ ಎರಡು ಗಂಟೆ ದಾಟಿತ್ತು. ಆದರೆ ಅದು ಮುಂದಿನ ಸಾಲು ಹೊರಟ ಲೆಕ್ಕ, ನಾವು ಹೊರಟದ್ದು ಎಷ್ಟೋ ನಿಮಿಷ ತಡವಾಗಿ. ಚಿಪ್ ಹೇಳಬೇಕು. ನನ್ನ ಕೈಗಡಿಯಾರ ನಿಲ್ಲಿಸಲು ಮರೆತೇಹೋಯಿತು, ಯಾಕೆಂದರೆ ಗೆರೆ ದಾಟಿದ ತಕ್ಷಣ ಕಂಡದ್ದು ಟೀಚರ ಯಜಮಾನರು. ಗಾಲಿಕುರ್ಚಿಯಲ್ಲಿ, ತಲೆಗೆ ದೊಡ್ಡ ಟೋಪಿ, ಮಡಿಲಲ್ಲಿ ನೀರಿನ ಬಾಟಲಿ. ರಸ್ತೆ ಬಿಟ್ಟು ಬೇರೆ ಏನನ್ನೂ ನೋಡುತ್ತಿರಲಿಲ್ಲ.

ಬೇಕರಿಯವನು ಬಂದ. ವಕೀಲ ಬಂದ, ಬಂದವನೇ ಹುಲ್ಲಿನ ಮೇಲೆ ಬಿದ್ದುಕೊಂಡ. ಜನ ಕರಗಿದರು. ಬಿಸಿಲು ಚುರುಕಾಯಿತು. ನೀರಿನ ಟೇಬಲ್ಲು ಮಡಚಿದರು. ಟೀಚರ ಸುಳಿವಿಲ್ಲ. ಯಜಮಾನರನ್ನು ನೆರಳಿಗೆ ತಳ್ಳುತ್ತೇನೆ ಅಂದರೆ ಬೇಡ, ಇಲ್ಲಿಂದಲೇ ದೂರದವರೆಗೆ ಕಾಣುತ್ತೆ ಅಂದರು. ನನಗೆ ತಡೆಯಲಾಗಲಿಲ್ಲ, ಫುಟ್‌ಪಾತಿನ ಮೇಲೆ ವಾಪಸು ಓಡಿದೆ.

ಸಿಕ್ಕರು. ಹಿಂದೆ ಬಿದ್ದವರನ್ನು ಹತ್ತಿಸಿಕೊಳ್ಳುವ ವ್ಯಾನು ಅವರ ಬೆನ್ನಿಗೇ ತೆವಳುತ್ತಿತ್ತು. ಹತ್ತಮ್ಮ, ಹತ್ತಮ್ಮ ಅಂತ ಡ್ರೈವರು ಗೋಗರೆಯುತ್ತಿದ್ದಾನೆ, ಟೀಚರ್ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಹದಿನೇಳರ ಮಗ್ಗಿಯಲ್ಲಿದ್ದಾರೆ. ಮುಖ ಶೂವಿಗಿಂತ ಕೆಂಪಾಗಿತ್ತು. ನಾನು ಡ್ರೈವರಿಗೆ ಏನೇನು ಅಂದೆನೋ ಇಲ್ಲಿ ಬರೆಯುವುದಿಲ್ಲ. ಟೈಮು ಇನ್ನೂ ಮುಗಿದಿಲ್ಲ, ವ್ಯಾನು ನಿಲ್ಲಿಸಿ ಬೀಡಿ ಸೇದು ಹೋಗು ಅನ್ನುವುದು ಅದರ ಸಾರಾಂಶ. ಟೀಚರ ಪಕ್ಕ ಮಾತಾಡದೆ ಓಡಿದೆ. ಗೆರೆ ಹತ್ತಿರ ಬಂದಾಗ ನಾನು ಬದಿಗೆ ಸರಿದೆ. ಅವರೊಬ್ಬರೇ ದಾಟಿದರು. ಅವರ ಹಿಂದೆ ಕಮಾನಿನ ಗಾಳಿ ಬಿಟ್ಟರು.

ಯಜಮಾನರು ಬಾಟಲಿ ಮುಂದೆ ಚಾಚಿದರು. ಬಂದ್ಯಾ ಅಂತ ಮಾತ್ರ ಅಂದರು. ನಾನು ಗೊಳೋ ಅಂತ ಅತ್ತೆ. ವಕೀಲನೂ ಅತ್ತ, ಪುರಾವೆ ಕೇಳಲಿಲ್ಲ.

ಡಿಸೆಂಬರ್ 11, ಸೋಮವಾರ

ಬೆಳಗ್ಗೆ ವಾರಗಿತ್ತಿಯ ಫೋನು. ಜೇನು ಸುರಿಯುವ ದನಿ. ಅಕ್ಕ ಹುಷಾರಾಗಿದ್ದೀರಾ ತಾನೇ, ಕಾಲಿಗೇನೂ ಆಗಿಲ್ಲ ತಾನೇ, ನಡ್ಕೊಂಡು ಬಂದ್ರಾ ಅಂತ. ಏನೂ ಅರ್ಥವಾಗದೆ ಫೋನಿನಲ್ಲಿ ರಿಸಲ್ಟು ತೆಗೆದೆ. ಪಟ್ಟಿಯ ತಳದಲ್ಲಿ, ಎಲ್ಲರಿಗಿಂತ ಕೆಳಗೆ, ನನ್ನ ಹೆಸರು. ಮೂರು ಗಂಟೆ ಇಪ್ಪತ್ತೆರಡು ನಿಮಿಷ.

ಇವರು ಭೂತಗನ್ನಡಿ ತಂದುಕೊಟ್ಟು ಪಕ್ಕದಲ್ಲಿ ಕೂತರು. ಟೀಚರ ಹೆಸರು ಹುಡುಕಿದೆ. ಒಂದು ಗಂಟೆ ಐವತ್ತೆಂಟು ನಿಮಿಷ! ನನ್ನ ನಂಬರು ಆರುನೂರ ಹದಿನೆಂಟು, ಅವರದು ಆರುನೂರ ಎಂಬತ್ತೊಂದು. ಪಿನ್ನು ಹಾಕಿದವಳು ನಾನೇ, ಕನ್ನಡಕ ಹಾಕದೆ, ಮಬ್ಬುಗತ್ತಲೆಯಲ್ಲಿ. ಕಾಗದಗಳು ಅದಲುಬದಲು. ಮೊದಲು ಮಂಚದ ಮೇಲೆ ಹತ್ತಿ ಕುಣಿದೆ. ಎರಡು ಗಂಟೆಯೊಳಗೆ ಬಂದಿದ್ದೆ. ಅದೂ ವಾರಗಿತ್ತಿಗಿಂತ ಚುರುಕಾಗಿ. ಮಂಚ ಕಿರ್ರೆಂದಿತು, ಇವರು ಇಳಿ ಇಳಿ ಅಂದರು.

ತಿದ್ದಿಸಲು ಫೋನು ಎತ್ತಿದವಳು ಕ್ಲಬ್ಬಿನ ಗುಂಪು ನೋಡಿದೆ. ನಿನ್ನೆ ಅಲ್ಲಿರದವರೆಲ್ಲ ಟೀಚರಿಗೆ ಶಭಾಷ್ ಹೇಳಿದ್ದಾರೆ. ಅವರ ಹಳೆಯ ವಿದ್ಯಾರ್ಥಿಗಳೂ ಸೇರಿಕೊಂಡಿದ್ದಾರೆ, ನಮ್ಮ ಲೆಕ್ಕದ ಟೀಚರ್, ನಮ್ಮ ಹೆಮ್ಮೆ ಅಂತ. ಇದನ್ನು ತಿದ್ದಿಸಿದರೆ ಅವರು ಇಡೀ ಊರಿಗೆ ಕೊನೆಯವರು. ಅರವತ್ತು ದಾಟಿದ ಹೆಂಗಸು, ಮನೆಯಲ್ಲಿ ಅಷ್ಟು ಕಷ್ಟ.

ಮಧ್ಯಾಹ್ನದ ತನಕ ಒದ್ದಾಡಿದೆ. ಆಮೇಲೆ ಕೊಟ್ಟುಬಿಟ್ಟೆ. ನಂಬರು ಅದಲುಬದಲಾಗಿದೆ, ಇರಲಿ ಬಿಡಿ ಟೀಚರ್, ಆ ಟೈಮು ನಿಮ್ಮ ಹೆಸರಲ್ಲೇ ಇರಲಿ, ನನ್ನ ಕಡೆಯಿಂದ ಉಡುಗೊರೆ ಅಂತ ಮೆಸೇಜು ಹಾಕಿದೆ. ಹಾಕಿ ಸ್ವಲ್ಪ ಅತ್ತೆ. ದಾನಶೂರ ಕರ್ಣನಿಗೂ ಕವಚ ಕಿತ್ತುಕೊಡುವಾಗ ಹೀಗೇ ಆಗಿರಬೇಕು. ಇವರು ಕಾಫಿ ಮಾಡಿಕೊಟ್ಟರು. ವಾರಗಿತ್ತಿ ನಗುವಷ್ಟು ನಗಲಿ.

ಡಿಸೆಂಬರ್ 12, ಮಂಗಳವಾರ

ಶಟರ್ ಅರ್ಧ ಎತ್ತಿದ್ದೆ, ಕೆಳಗೆ ಕೆಂಪು ಶೂ ಕಂಡಿತು.

ಕಣ್ಣೀರು ಹಾಕಿಕೊಂಡು ಥ್ಯಾಂಕ್ಸ್ ಹೇಳಲು ಬಂದಿದ್ದಾರೆ, ಬೇಡ ಬೇಡ ಅನ್ನಬೇಕು ಅಂತ ನಾನು ತಯಾರಾಗಿದ್ದೆ. ಟೀಚರ್ ಒಳಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ಕ್ಲಾಸಿನಲ್ಲಿ ನಿಂತ ಹಾಗೆ ನಿಂತರು.

"ಮೂವತ್ತು ವರ್ಷದಲ್ಲಿ ಒಬ್ಬರಿಗೂ ಪುಕ್ಕಟೆ ಮಾರ್ಕ್ಸ್ ಕೊಟ್ಟವಳಲ್ಲ ನಾನು. ನನಗೆ ಯಾಕಮ್ಮ ಕೊಡ್ತಿದೀಯ?"

ಪುಕ್ಕಟೆ ಅಲ್ಲ ಟೀಚರ್, ನೀವು ಪಟ್ಟ ಕಷ್ಟಕ್ಕೆ ಅಂತ ಏನೋ ತೊದಲಿದೆ. ಪಟ್ಟಿಯಲ್ಲಿ ಕೊನೆಗೆ ಹೆಸರು ಬಂದರೆ ನಾಲ್ಕು ಜನ ಏನನ್ನುತ್ತಾರೆ, ಹಳೆಯ ವಿದ್ಯಾರ್ಥಿಗಳು ಏನಂದುಕೊಳ್ಳುತ್ತಾರೆ ಅಂದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ನಾನು ಎರಡು ಗಂಟೆಗೇ ಮುಗಿಸಿದೆ ಅಂತಾದ್ರೆ, ಆಮೇಲೆ ಅಷ್ಟು ಹೊತ್ತು ಆ ಬಿಸಿಲಲ್ಲಿ ಕೂತು ನಮ್ಮ ಯಜಮಾನ್ರು ಯಾರಿಗೆ ಕಾಯ್ತಾ ಇದ್ರು?"

ಎದುರಿನ ಗೋಡೆಯ ಅಕ್ಷರದ ಬೋರ್ಡು ನೋಡುತ್ತಾ ನಿಂತೆ. ಮೇಲಿನ ದೊಡ್ಡ ಅಕ್ಷರವೂ ಮಂಜಾಗಿತ್ತು. ಸಂಜೆಯೊಳಗೆ ಸರಿಮಾಡಿಸು ಅಂದು, ಟೀಚರ್ ಹೊರಟರು. ಬಾಗಿಲಲ್ಲಿ ತಿರುಗಿ, ಒಂದು ಗಂಟೆ ಐವತ್ತೆಂಟು ನಿಮಿಷ ಚೆನ್ನಾಗಿದೆ ಕಣಮ್ಮ, ಅದು ನಿನ್ನದು, ಜೋಪಾನ ಅಂದರು.

ನನಗೆ ಬಹಳ ನಾಚಿಕೆಯಾಯಿತು.

ಡಿಸೆಂಬರ್ 14, ಗುರುವಾರ

ಸಂಜೆಯೊಳಗೆ ಆಗಲಿಲ್ಲ, ಎರಡು ದಿನ ಹಿಡಿಯಿತು. ಓಟದ ಆಫೀಸಿನಲ್ಲಿ ರಿಸಲ್ಟು ನೋಡಿಕೊಳ್ಳುವವನು ನಾಳೆ ಬಾ ನಾಡಿದ್ದು ಬಾ ಅಂತ ಸತಾಯಿಸಿದ. ಇವತ್ತು ಅಂಗಡಿ ಮುಚ್ಚಿ ಅವನ ಟೇಬಲ್ಲಿನ ಎದುರು ಕೂತುಬಿಟ್ಟೆ. ವಕೀಲನೂ ಬಂದಿದ್ದ, ಕರಿ ಕೋಟು ಹಾಕಿಕೊಂಡು, ಕರೆಯದೆ. ಬೇಕರಿಯವನು ಒಂದು ಡಬ್ಬ ಬನ್ನು ಕಳಿಸಿದ್ದ. ಎಲ್ಲರೂ ಟೈಮು ಕಡಿಮೆ ಮಾಡಿಸಲು ಬರುತ್ತಾರೆ, ನೀವೊಬ್ಬರು ಜಾಸ್ತಿ ಮಾಡಿಸಲು ಬಂದಿದ್ದೀರಲ್ಲ ಅಂದ ಆಫೀಸಿನವನು. ಟೀಚರ್ ಕೊನೆಯವರು, ಅವರನ್ನು ಕೊನೆಯಲ್ಲೇ ಹಾಕಿ, ಒಂದು ಸಾಲು ಮೇಲೆ ಹಾಕಿದರೂ ನಾನು ಇಲ್ಲಿಂದ ಏಳುವುದಿಲ್ಲ ಅಂದೆ. ವಕೀಲ ಫೋಟೋ ತೋರಿಸಿದ, ಅವರ ಹಿಂದೆ ಬೀಳುತ್ತಿರುವ ಕಮಾನು. ಇಂಥ ಆಫೀಸುಗಳಿಗೆ ಒಂದು ಕೆಲಸವೂ ನೆಟ್ಟಗೆ ಮಾಡಲು ಬರುವುದಿಲ್ಲ, ನಾವೇ ಹೋಗಿ ತಲೆ ಮೇಲೆ ಕೂತರೆ ಮಾತ್ರ. ಕೊನೆಗೂ ತಿದ್ದಿ, ಟೀಚರ ಸರ್ಟಿಫಿಕೇಟು ಹೊಸದಾಗಿ ಕೊಟ್ಟ. ನನ್ನದನ್ನು ಇಸಕೊಳ್ಳದೆ ಬಂದಿದ್ದೇನೆ, ಮನೆಗೆ ಬಂದ ಮೇಲೆ ಇವರು ಕೇಳಿದಾಗಲೇ ನೆನಪಾದದ್ದು. ವಾರಗಿತ್ತಿಗೂ ಫೋನು ಮಾಡಬೇಕು, ನಾಳೆ ನಾಡಿದ್ದು ಮಾಡಿದರಾಯಿತು.

ಆಫೀಸಿನಿಂದ ನೇರ ವಾರ್ಡಿಗೆ ಹೋದೆವು. ಯಜಮಾನರಿಗೆ ಮಷೀನು ಹಾಕಿದ್ದರು. ಟೀಚರ್ ಸರ್ಟಿಫಿಕೇಟನ್ನು ಮೇಲಿನಿಂದ ಕೆಳಗಿನ ತನಕ ಎರಡು ಸಲ ಓದಿ, ತಪ್ಪಿಲ್ಲ ಅಂತ ಖಾತ್ರಿಯಾದ ಮೇಲೆ ಅವರ ಕೈಗೆ ಕೊಟ್ಟರು. ಅವರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು.

"ಮೂರು ಗಂಟೆ ಇಪ್ಪತ್ತೆರಡು ನಿಮಿಷ. ಇದರಲ್ಲಿ ನನ್ನ ಹೆಸರೂ ಹಾಕಿಸಬೇಕಿತ್ತು."

ನೀವು ಕೂತಿದ್ರಿ, ಓಡಿದ್ದು ನಾನು ಅಂದರು ಟೀಚರ್.

"ಹೌದು. ಆದ್ರೆ ಇಬ್ಬರದೂ ಒಂದೇ ಟೈಮು ತಾನೇ?"

ಟೀಚರ್ ಕುರ್ಚಿಯನ್ನು ಮಷೀನಿನ ಕಡೆಯಿಂದ ಅವರ ಕಡೆಗೆ ತಿರುಗಿಸಿಕೊಂಡು ಕೂತರು.